ಕವಡಿಯೋ, ಭಿಗವಣವೋ?

ಪುಣೆಯ ಕನ್ನಡಿಗರು ಚಳಿಗಾಲದ ಒಂದು ಭಾನುವಾರವನ್ನು ಹಕ್ಕಿಗಳಿಗೆ ಮೀಸಲಿಡುವುದಾದರೆ, ಸೋಲಾಪುರ ರಸ್ತೆಯ ಕಡೆಗೇ ಎರಡು ಜಾಗಗಳಿವೆ. ಸುಮಾರು 20 ಕಿ.ಮೀ. ದೂರದ ಕವಡಿಯಲ್ಲಿ ಮುಳಾ-ಮುಠಾ ನದಿಯ ದಂಡೆಯಲ್ಲಿ ನಡೆಯುತ್ತಲೇ ಕೇಸರಿ ಮೈಯ ಬ್ರಾಹ್ಮಿಣಿ ಬಾತುಗಳನ್ನೂ, ಕಲ್ಲಿನಿಂದ ಕಲ್ಲಿಗೆ ಹಾರಿ ಬಾಲ ಕುಣಿಸುವ ಸಿಪಿಲೆಗಳನ್ನೂ ಬರಿಗಣ್ಣಿನಿಂದ ನೋಡಬಹುದು. ಆದರೆ ನಗರದ ಕೊಳಚೆಯ ನೊರೆಯೂ ಪೊದೆಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳೂ ಮನಸ್ಸನ್ನು ನೋಯಿಸುತ್ತವೆ. ಸುಮಾರು 100 ಕಿ.ಮೀ. ದೂರದ ಭಿಗವಣದಲ್ಲಿ, ಭೀಮಾ ನದಿಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರಿನಲ್ಲಿ, ಮೀನುಗಾರರ ದೋಣಿಯೇರಿ ರಾಜಹಂಸಗಳನ್ನೂ (ಫ್ಲೆಮಿಂಗೊ) ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೂ ಕಾಣಬಹುದಾದರೂ, ನಸುಕಿಗೂ ಮುನ್ನ ಮನೆ ಬಿಡಬೇಕಾಗುತ್ತದೆ. ಮಕ್ಕಳೊಂದಿಗೆ ಮೊದಲ ಸಲ ಹೊರಡುವವರಿಗೆ ನಾನು ಕವಡಿಯನ್ನೇ ಸೂಚಿಸುತ್ತೇನೆ. ರಾಜಹಂಸವನ್ನೇ ನೋಡಬೇಕೆನ್ನುವವರು ನೀರಿಳಿದು ಕೆಸರು ಬಯಲಾಗುವ ಫೆಬ್ರವರಿಯಲ್ಲಿ ಭಿಗವಣಕ್ಕೆ ಹೋಗಲಿ. ಹಿಂಡಿನ ತೀರ ಹತ್ತಿರಕ್ಕೆ ದೋಣಿ ಒಯ್ಯಬೇಡಿರೆಂದು ಅಂಬಿಗರಿಗೆ ಮೊದಲೇ ಹೇಳಲಿ.