ರಿಮೋಟ್ ಮತ್ತು ಇನ್‌ಫ್ರಾರೆಡ್ ಪೆನ್ನಿನ ಸ್ಮಾರ್ಟ್ ಬೋರ್ಡು: ಇದರಲ್ಲಿ ಕನ್ನಡ ಬರೆಯಲು ಆಗುತ್ತದಾ?

ಕಡಿಮೆ ಖರ್ಚಿನ ಸ್ಮಾರ್ಟ್ ಬೋರ್ಡಿನ ವಿಡಿಯೊಗಳಲ್ಲಿ ಎಲ್ಲರೂ ತೋರಿಸುವುದು ಒಂದೇ. ಗೋಡೆಯ ಮೇಲೆ ಪೆನ್ನಿಟ್ಟು ಕ್ಲಿಕ್ ಮಾಡುತ್ತಾರೆ, ಮ್ಯಾಪ್ ಎಳೆಯುತ್ತಾರೆ, ಒಂದು ವೃತ್ತ ಬಿಡಿಸುತ್ತಾರೆ, ಆಯಿತು. 'ರಾಷ್ಟ್ರ' ಅಂತ ಬರೆದು ತೋರಿಸಿದ ಒಬ್ಬರೂ ನನಗೆ ಸಿಗಲಿಲ್ಲ. ಹಾಗಾಗಿ ಇದನ್ನು ವರ್ಷಗಟ್ಟಲೆ ಕ್ಲಾಸಿನಲ್ಲಿ ಬಳಸಿದ ಮೇಲೆ, ಮುಖ್ಯವಾಗಿ ಆ ಒಂದು ವಿಷಯಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಪೆರ್ಲ ಕಡೆಯ ಸಣ್ಣ ಶಾಲೆ, ಕನ್ನಡ ಮಾಧ್ಯಮ. ಕೇರಳದ ಹೈಟೆಕ್ ಶಾಲಾ ಯೋಜನೆಯಲ್ಲಿ ಅಲ್ಲಿನ ಸರಕಾರದ ಕೈಟ್ ಸಂಸ್ಥೆ 8ರಿಂದ 12ನೇ ತರಗತಿವರೆಗಿನ 45,000 ಕ್ಲಾಸ್‌ರೂಮುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟಿದೆ. ಒಳ್ಳೆಯ ಕೆಲಸ ಅದು. ಆದರೆ ನಾನು ಕಲಿಸುವುದು ಚಿಕ್ಕ ಮಕ್ಕಳಿಗೆ. ನಮ್ಮಲ್ಲಿರುವುದು ಪಿಟಿಎಯವರು ಕೊಡಿಸಿದ ಒಂದು ಪ್ರೊಜೆಕ್ಟರ್, ಒಂದು ಹಳೇ ಲ್ಯಾಪ್‌ಟಾಪ್. ಮಲಯಾಳ ಮಾಧ್ಯಮದವರಿಗೆ ಸಿದ್ಧ ವಿಡಿಯೊ, ಸಿದ್ಧ ಪಾಠ ಬೇಕಾದಷ್ಟು ಸಿಗುತ್ತದೆ. ಅವರಿಗೆ ಪ್ಲೇ ಒತ್ತಿದರೆ ಸಾಕು. ಕನ್ನಡಕ್ಕೆ ಅಷ್ಟು ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳುವುದು ಅಂದರೆ ಬರೆಯುವುದು. ಮನೆಯಲ್ಲಿ ತುಳು, ಬ್ಯಾರಿ, ಮರಾಠಿ, ಮಲಯಾಳ ಆಡುವ ಮಕ್ಕಳು ಬಂದು ಕೂರುತ್ತಾರೆ, ಅವರ ಕಣ್ಣೆದುರಿಗೆ ಅಕ್ಷರ ನಿಧಾನ ಮೂಡಬೇಕು. ಬರೆಯಲು ಬಾರದ ಸ್ಮಾರ್ಟ್ ಬೋರ್ಡು ನಮಗೆ ಬೇಡ.

ಸೆಟಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಗೊತ್ತಿರುವವರೇ ಓದುತ್ತಿರುತ್ತೀರಿ. ನಿಂಟೆಂಡೊ ವೀ ಗೇಮಿನ ರಿಮೋಟಿನ ಮೂತಿಯಲ್ಲಿ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಕ್ಯಾಮೆರಾ ಉಂಟು. ಅದನ್ನು ಪ್ರೊಜೆಕ್ಟರಿನ ಚಿತ್ರ ಬೀಳುವ ಗೋಡೆ ಕಡೆ ತಿರುಗಿಸಿಟ್ಟು, ತುದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ ಇರುವ ಪೆನ್ನಿನಿಂದ ಬರೆದರೆ ಪೆನ್ನೇ ಮೌಸ್ ಆಗುತ್ತದೆ. 2007ರಲ್ಲಿ ಜಾನಿ ಚಂಗ್ ಲೀ ಎಂಬವರು ಇದನ್ನು ಮಾಡಿ ತೋರಿಸಿ, ತಂತ್ರಾಂಶವನ್ನೂ ಉಚಿತವಾಗಿ ಕೊಟ್ಟರು. ನಾನು ಬಳಸುವುದು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಓಡುವ ಪೈಥಾನ್ ವೈಟ್‌ಬೋರ್ಡ್ ತಂತ್ರಾಂಶ, ಬರೆಯಲು ಓಪನ್‌ಬೋರ್ಡ್ ತಂತ್ರಾಂಶ. ಎರಡಕ್ಕೂ ದುಡ್ಡಿಲ್ಲ. ಸೆಕೆಂಡ್‌ಹ್ಯಾಂಡ್ ರಿಮೋಟ್, ಎಲ್‌ಇಡಿ, ಒತ್ತುವ ಸ್ವಿಚ್ಚು, ಒಣಗಿದ ಮಾರ್ಕರಿನ ಕವಚ, ಒಂದು ಸಣ್ಣ ಸೆಲ್ಲು, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಅಂಗಡಿಯ ದೊಡ್ಡ ಟಚ್ ಪ್ಯಾನೆಲ್ ಲಕ್ಷ ದಾಟುತ್ತದೆ. ನಮ್ಮಂಥ ಶಾಲೆ ಅದರ ಮಾತೇ ಆಡುವ ಹಾಗಿಲ್ಲ.

ಈಗ ಸಿಟ್ಟಿನ ವಿಷಯ. ಗೆರೆ ತುಂಡಾಗುತ್ತದೆ.

ಇಂಗ್ಲಿಷಿನ ದೊಡ್ಡಕ್ಷರ ಬರೆದರೆ ಅಷ್ಟು ಗೊತ್ತಾಗುವುದಿಲ್ಲ. ನೇರ ಗೆರೆ, ಅಡ್ಡ ಗೆರೆ, ಮುಗಿಯಿತು. ಕನ್ನಡದಲ್ಲಿ ಕೈ ತಿರುಗುತ್ತಲೇ ಇರಬೇಕು, ಅಲ್ವಾ? 'ಳ' ಬರೆದು ನೋಡಿ. ಕೆಳಗಿನ ಸುತ್ತಿಗೆ ಬರುವಾಗ ಮಣಿಕಟ್ಟು ಹೊರಳುತ್ತದೆ, ಬೆರಳ ಗೆಣ್ಣು ಎಲ್‌ಇಡಿಗೆ ಅಡ್ಡ ಬರುತ್ತದೆ, ಕ್ಯಾಮೆರಾಗೆ ಬೆಳಕು ಕಾಣುವುದಿಲ್ಲ. ಅಲ್ಲಿಗೆ ಗೆರೆ ನಿಂತಿತು. ಕೈ ಮೇಲೆ ಬಂದಾಗ ಇನ್ನೊಂದು ಗೆರೆ ಬೇರೆ ಕಡೆಯಿಂದ ಶುರು. 'ಅ'ದ ಒಳಸುತ್ತು, 'ಋ'ವಿನ ಬಾಲ, ಒತ್ತಕ್ಷರಗಳು, ಎಲ್ಲ ಕಡೆ ಇದೇ ಕತೆ. 'ರಾಷ್ಟ್ರ'ದ ಒತ್ತುಗಳು ಚುಕ್ಕೆ ಚುಕ್ಕೆಯಾಗಿ ಬಿದ್ದಿದ್ದನ್ನು ನೋಡಿ ಒಂದನೇ ಕ್ಲಾಸಿನ ಮಗು ಹಾಗೆಯೇ ಸ್ಲೇಟಿನಲ್ಲಿ ಬಿಡಿಸಿತು. ಅಕ್ಷರ ಕಲಿಯುವ ಮಗು ಬೋರ್ಡಿನಲ್ಲಿ ಏನು ಕಾಣುತ್ತದೋ ಅದನ್ನೇ ನಂಬುತ್ತದೆ. ಇದು ಸಣ್ಣ ವಿಷಯ ಅಲ್ಲ.

ತಂತ್ರಾಂಶದಲ್ಲಿ ಗೆರೆ ನಯ ಮಾಡುವ ಆಯ್ಕೆ ಉಂಟು. ಅದನ್ನು ಏರಿಸಿ ಅಂತ ಎಲ್ಲರೂ ಹೇಳುತ್ತಾರೆ. ಇಂಗ್ಲಿಷ್ ಕೂಡಿಸಿ ಬರೆಯುವವರಿಗೆ ಸರಿ ಇರಬಹುದು. ಕನ್ನಡಕ್ಕೆ ಬೇಡವೇ ಬೇಡ. ಅದು ಅಕ್ಕಪಕ್ಕದ ಬಿಂದುಗಳ ಸರಾಸರಿ ತೆಗೆದು ಗೆರೆ ಎಳೆಯುತ್ತದೆ. ಹಾಗಾಗಿ ಸಣ್ಣ ಸುರುಳಿಗಳು ಇನ್ನೂ ಕುಗ್ಗುತ್ತವೆ. ತಲೆಕಟ್ಟಿನ ಕೊಕ್ಕೆ ಮಾಯ, ದೀರ್ಘದ ಸುತ್ತು ಬರೀ ಗೀಟು. ನಾನು ಅದನ್ನು ತೀರಾ ಕಡಿಮೆಗೆ ಇಳಿಸಿ, ಓಪನ್‌ಬೋರ್ಡಿನಲ್ಲಿ ಪೆನ್ನಿನ ದಪ್ಪ ಜಾಸ್ತಿ ಮಾಡಿ, ಒಂದೊಂದು ಅಕ್ಷರವನ್ನು ಒಂದು ಗೇಣು ಎತ್ತರ ಬರೆಯುತ್ತೇನೆ. ಅಷ್ಟು ದೊಡ್ಡದಾದರೆ ಸುರುಳಿ ಉಳಿಯುತ್ತದೆ.

ನಿಜವಾಗಿ ಕೆಲಸ ಮಾಡಿದ್ದು ಎರಡು ಬದಲಾವಣೆ. ಒಂದು, ಎಲ್‌ಇಡಿ. ಹಾಳಾದ ಟಿವಿ ರಿಮೋಟಿನದ್ದನ್ನು ಹಾಕಿದರೂ ನಡೆಯುತ್ತದೆ, ಆದರೆ ಎಷ್ಟೋ ಎಲ್‌ಇಡಿಗಳ ಬೆಳಕು ಮುಂದಕ್ಕೆ ಮಾತ್ರ ಹೋಗುತ್ತದೆ, ಪೆನ್ನು ಸ್ವಲ್ಪ ಓರೆಯಾದರೂ ಕ್ಯಾಮೆರಾಗೆ ಸಿಗುವುದಿಲ್ಲ. ಈ ಪೆನ್ನು ಮಾಡುವವರು ಹೆಚ್ಚಾಗಿ ಹಾಕುವುದು ವಿಷೆ ಕಂಪನಿಯ ಟಿಎಸ್‌ಎಎಲ್ 6400. ಅದರ ಬೆಳಕು ನಡುವಿನಿಂದ ಎರಡೂ ಬದಿಗೆ 25 ಡಿಗ್ರಿಯಷ್ಟು ಹರಡುತ್ತದೆ. ನಾನು ಅದರ ಉರುಟು ತಲೆಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಮಂಕು ಮಾಡಿದೆ. ಎದುರಿನ ಬೆಳಕು ಸ್ವಲ್ಪ ಕಡಿಮೆಯಾಯಿತು, ಪಕ್ಕಕ್ಕೆ ಚೆನ್ನಾಗಿ ಹರಡಿತು. ಎರಡನೆಯದು, ರಿಮೋಟಿನ ಜಾಗ. ಅದನ್ನು ಪ್ರೊಜೆಕ್ಟರಿನ ಪಕ್ಕ ಇಡಬೇಡಿ. ಬೋರ್ಡಿಗೆ ಮುಖ ಮಾಡಿ ನಿಂತರೆ ಎಡಗಡೆ ಬರುವ ಹಾಗೆ, ಓರೆಯಾಗಿ, ತಲೆಗಿಂತ ಎತ್ತರದಲ್ಲಿ ಕಟ್ಟಿ. ನಮ್ಮಲ್ಲಿ ಕಿಟಕಿಯ ದಳಿಗೆ ಕಟ್ಟಿದ್ದೇವೆ. ಬಲಗೈಯವರು ಅಕ್ಷರದ ಬಲಕ್ಕೆ ನಿಂತು ಕೈ ಚಾಚಿ ಬರೆದರೆ ಬೆರಳೂ ಅಡ್ಡ ಬರುವುದಿಲ್ಲ, ಮೈಯೂ ಅಡ್ಡ ಬರುವುದಿಲ್ಲ.

ಅಷ್ಟು ಮಾಡಿದ ಮೇಲೆ 'ಳ' ಪೂರ್ತಿ ಬಂತು. ಅಲ್ಲಿಂದ ಈ ಬೋರ್ಡಿನ ಮೇಲೆ ನನ್ನ ಮನಸ್ಸು ಬದಲಾಯಿತು ಅಂತಲೇ ಹೇಳಬೇಕು.

ಕ್ಲಾಸಿನಲ್ಲಿ ಒಬ್ಬಳು ಎಡಗೈಯಲ್ಲಿ ಬರೆಯುವವಳು ಇದ್ದಾಳೆ. ಅವಳು ನಿಲ್ಲುವ ಕಡೆ ಎಡಕ್ಕೆ, ಹಾಗಾಗಿ ಅವಳ ಮೈಯೇ ಕ್ಯಾಮೆರಾಗೆ ಅಡ್ಡ, ಎಲ್ಲರ ಗೆರೆ ಬಂದರೂ ಅವಳದ್ದು ಮಾತ್ರ ತುಂಡು ತುಂಡು. ಬಲಗೈಯಲ್ಲಿ ಬರಿ ಅಂತ ಉಳಿದ ಮಕ್ಕಳೇ ಅವಳಿಗೆ ಹೇಳತೊಡಗಿದರು. ನನಗೆ ಅದು ಸ್ವಲ್ಪವೂ ಸರಿ ಕಾಣಲಿಲ್ಲ. ಬಲಗಡೆ ಬಾಗಿಲ ದಾರಂದಕ್ಕೆ ಇನ್ನೊಂದು ಕ್ಲಿಪ್ ಬಡಿದೆವು. ಅವಳ ಸರದಿ ಬಂದಾಗ ರಿಮೋಟನ್ನು ಅಲ್ಲಿಗೆ ಸಾಗಿಸಿ, ಮತ್ತೆ ನಾಲ್ಕು ಮೂಲೆ ಮುಟ್ಟಿಸಿ, ಆಮೇಲೆ ಬರೆಸುವುದು. ಒಂದೆರಡು ನಿಮಿಷ ಹೋಗುತ್ತದೆ, ಹೋಗಲಿ. ಅವಳ ಅಕ್ಷರ ಕ್ಲಾಸಿನಲ್ಲೇ ಉರುಟು, ಎಲ್ಲರೂ ನೋಡಬೇಕು ಅದನ್ನು.

ನಾಲ್ಕು ಮೂಲೆ ಅಂದರೆ ಕ್ಯಾಲಿಬ್ರೇಶನ್, ಪರದೆಯ ಮೂಲೆಗಳು ಎಲ್ಲಿವೆ ಅಂತ ತಂತ್ರಾಂಶಕ್ಕೆ ಪೆನ್ನಿನಿಂದ ತೋರಿಸಿಕೊಡುವುದು. ಬೆಳಿಗ್ಗೆ ರಿಮೋಟಿನ 1 ಮತ್ತು 2 ಗುಂಡಿ ಒಟ್ಟಿಗೆ ಒತ್ತಿದರೆ ಕೆಳಗಿನ ನೀಲಿ ದೀಪಗಳು ಮಿನುಗುತ್ತವೆ, ಬ್ಲೂಟೂತ್ ಕೂಡಿಕೊಳ್ಳುತ್ತದೆ. ಅದಕ್ಕೆ ಮೊದಲು ಪೆನ್ನಿನ ಪರೀಕ್ಷೆ. ಇನ್‌ಫ್ರಾರೆಡ್ ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ನನ್ನ ಫೋನಿನ ಕ್ಯಾಮೆರಾದಲ್ಲಿ ನೇರಳೆ ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. ಒಂದು ಮಗು ಪೆನ್ನು ಹಿಡಿದು ಸ್ವಿಚ್ಚು ಒತ್ತುತ್ತದೆ, ಇನ್ನೊಂದು ಫೋನಿನಲ್ಲಿ ನೋಡಿ "ಉರೀತಾ ಉಂಟು ಟೀಚರ್" ಅನ್ನುತ್ತದೆ. ಆಮೇಲೆ ಪರದೆಯ ಮೂಲೆಗೊಂದು ಗುರುತು ಬರುತ್ತದೆ, ಮೂಲೆಗೊಂದು ಮಗು. ಮೇಲಿನ ಮೂಲೆ ಕುಳ್ಳ ಮಕ್ಕಳಿಗೆ ಎಟುಕುವುದಿಲ್ಲ ಅಂತ ನಾವು ಪ್ರೊಜೆಕ್ಟರಿನ ಚಿತ್ರವನ್ನೇ ಕೆಳಗೆ ಇಳಿಸಿದ್ದೇವೆ. ಗೋಡೆಗೆ ಗಟ್ಟಿ ಮಾಡಿದ ಪ್ಯಾನೆಲ್ಲಿನಲ್ಲಿ ಈ ಸೌಕರ್ಯ ಇಲ್ಲ. ಯಾರಾದರೂ ಪ್ರೊಜೆಕ್ಟರ್ ಇಟ್ಟ ಡೆಸ್ಕನ್ನು ತಾಗಿಸಿದರೆ ಗೆರೆ ಪೆನ್ನಿನಿಂದ ಒಂದು ಬೆರಳು ಆಚೆ ಬೀಳುತ್ತದೆ, ಪುನಃ ನಾಲ್ಕು ಮೂಲೆ. ಬೇಸರ ನನಗೆ ಮಾತ್ರ, ಮಕ್ಕಳಿಗಿಲ್ಲ.

ನಮ್ಮ ಊರಿನ ಹಂಚಿನ ಕಟ್ಟಡಗಳಲ್ಲಿ ಹಾಕುವವರಿಗೆ ಒಂದು ಮಾತು. ಮಾಡಿನಲ್ಲಿ ಬೆಳಕಿಗಾಗಿ ಹಾಕಿದ ಕನ್ನಡಿ (ಗಾಜಿನ) ಹಂಚು ಇದ್ದರೆ ಮೊದಲು ಅದನ್ನು ಮುಚ್ಚಿ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ತುಂಬಾ ಇರುತ್ತದೆ. ಹಂಚಿನಿಂದ ಬಿಸಿಲಿನ ತುಂಡು ಬೋರ್ಡಿನ ಮೇಲೆ ಬಿತ್ತೆಂದರೆ ಕ್ಯಾಮೆರಾ ಅದನ್ನೂ ಪೆನ್ನು ಅಂದುಕೊಳ್ಳುತ್ತದೆ, ಕರ್ಸರ್ ಅಲ್ಲಿಗೆ ಹಾರುತ್ತದೆ. ಸೂರ್ಯ ತೆಂಕಣಕ್ಕೆ ವಾಲಿದ ಹಾಗೆ ಆ ತುಂಡೂ ಜಾಗ ಬದಲಿಸುತ್ತದೆ, ಹಾಗಾಗಿ ಒಂದು ತಿಂಗಳು ಸರಿಯಿದ್ದದ್ದು ಮುಂದಿನ ತಿಂಗಳು ಕೆಡುತ್ತದೆ. ಎಣ್ಣೆ ದೀಪವೂ ಹಾಗೆಯೇ. ಪ್ರವೇಶೋತ್ಸವದ ದಿನ ಬೋರ್ಡಿನ ಹತ್ತಿರ ದೀಪ ಹಚ್ಚಿಟ್ಟರು, ಬತ್ತಿಯ ಬೆಂಕಿ ಅಲ್ಲಾಡಿದ ಹಾಗೆಲ್ಲ ಪರದೆಯಲ್ಲಿ ಗೆರೆ ಬರುತ್ತಿತ್ತು. ದೀಪ ಆಚೆ ಸರಿಸಿದ ಮೇಲೆ ನಿಂತಿತು. ಮೋಡ ಕವಿದ ಆಟಿ ತಿಂಗಳಲ್ಲಿ ಬೋರ್ಡು ಬಹಳ ಚೆನ್ನಾಗಿ ಓಡುತ್ತದೆ, ಆದರೆ ಆಗಲೇ ಕರೆಂಟ್ ಜಾಸ್ತಿ ಹೋಗುವುದು. ಕರಿಹಲಗೆಯನ್ನು ತೆಗೆಯಬೇಡಿ.

ನನಗೆ ತುಂಬಾ ಉಪಯೋಗ ಆದದ್ದು ಪುಟ ಉಳಿಸುವ ಸೌಲಭ್ಯ. ಓಪನ್‌ಬೋರ್ಡ್ ಎಲ್ಲ ಪುಟವನ್ನೂ ಪಿಡಿಎಫ್ ಮಾಡಿ ಕೊಡುತ್ತದೆ. ಜ್ವರದ ಸೀಸನ್ನಿನಲ್ಲಿ ಅರ್ಧ ಕ್ಲಾಸು ಖಾಲಿ ಇರುತ್ತದೆ, ಬಂದ ಮಕ್ಕಳು ಬರೆದ ಪುಟವನ್ನೇ ಬಾರದವರ ಮನೆಗೆ ವಾಟ್ಸಾಪ್ ಮಾಡುತ್ತೇನೆ. ಕನ್ನಡ ಓದಲು ಬಾರದ ತಾಯಿಯೊಬ್ಬರು ಆ ಪುಟ ಇಟ್ಟುಕೊಂಡು ಮಗನ ಜೊತೆ ತಾವೂ ತಿದ್ದುತ್ತಿದ್ದಾರೆ.

ಕೊಳ್ಳುವುದಾದರೆ ಹಳೇ ರಿಮೋಟನ್ನೇ ಹುಡುಕಿ. ಅಗ್ಗದ ನಕಲಿ ರಿಮೋಟುಗಳಲ್ಲಿ ಕ್ಯಾಮೆರಾ ಸರಿ ಇರುವುದಿಲ್ಲ, ಒಂದು ತರಿಸಿ ವಾಪಸ್ ಕಳಿಸಿದ್ದೇನೆ. ರೀಚಾರ್ಜ್ ಸೆಲ್ಲು ಹಾಕಿ, ಇಲ್ಲದಿದ್ದರೆ ಸೆಲ್ಲಿಗೇ ದುಡ್ಡು ಹೋಗುತ್ತದೆ. ಪೆನ್ನಿನ ಸ್ವಿಚ್ಚು ಮೊದಲು ಹಾಳಾಗುವ ಭಾಗ, ನಾಲ್ಕಾರು ತಂದಿಟ್ಟುಕೊಳ್ಳಿ. ನನಗೆ ಈಗ ಇರುವ ಚಿಂತೆ ಲ್ಯಾಪ್‌ಟಾಪಿನದ್ದು. ಪೈಥಾನ್ ವೈಟ್‌ಬೋರ್ಡ್ ಪೈಥಾನ್ 2 ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಆ ಭಾಷೆಯ ಬೆಂಬಲ 2020ರಲ್ಲೇ ನಿಂತಿದೆ, ಹೊಸ ಉಬುಂಟುವಿಗೆ ಸುಮ್ನೆ ಹಾಕಿದರೆ ಓಡುವುದಿಲ್ಲ. ಅದಕ್ಕೇ ಹಳೆಯದನ್ನು ಅಪ್‌ಡೇಟ್ ಮಾಡದೆ ಇಟ್ಟಿದ್ದೇನೆ. ಹೊಸದರಲ್ಲಿ ಓಡಿಸಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಅಂತ ದಯವಿಟ್ಟು ತಿಳಿಸಿ, ಜೂನಿನಲ್ಲಿ ಹೊಸ ಮಕ್ಕಳು ಬರುವ ಮೊದಲು ಬೇಕು.