ಮರದ ಹೆಸರು ಹುಡುಕಲು: ಪುಸ್ತಕವೋ, ಕಂಪ್ಯೂಟರೋ?

ಪಶ್ಚಿಮ ಘಟ್ಟದಲ್ಲಿ ಹೂವಿಲ್ಲದ ಮರ ಎದುರಾದರೆ ಅಚ್ಚಾದ ಕೀಲಿ, ಅಂದರೆ ಲಕ್ಷಣಗಳ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಗಿಡದ ಹೆಸರಿನತ್ತ ಒಯ್ಯುವ ಪುಸ್ತಕದ ಪ್ರಶ್ನಾವಳಿ, ಬಹುಮಟ್ಟಿಗೆ ಕೈಕೊಡುತ್ತದೆ. ಹೂವಿನ ಅಂಡಾಶಯ (ಮುಂದೆ ಕಾಯಿಯಾಗುವ ಭಾಗ) ದಳಗಳಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಅದು ಕೇಳಿದರೆ ಅಲ್ಲಿಗೇ ದಾರಿ ಬಂದ್. ಕಂಪ್ಯೂಟರ್ ಕೀಲಿಯಲ್ಲಿ ಕಂಡದ್ದರಿಂದಲೇ ಆರಂಭಿಸಬಹುದು. ಎಲೆಗಳು ಎದುರುಬದುರು, ಅಂಚಿನಲ್ಲಿ ಹಲ್ಲಿಲ್ಲ, ತೊಟ್ಟು ಮುರಿದರೆ ಹಳದಿ ಅಂಟು: ಇಷ್ಟನ್ನು ಗುರುತು ಹಾಕಿದರೆ ಸಾಧ್ಯವಿರುವ ಹೆಸರುಗಳ ಪಟ್ಟಿ ಸರಸರನೆ ಕರಗಿ, ಮುರುಗಲು, ಉಪ್ಪಾಗೆಗಳ ಬಳಗ ಮುಂದೆ ಬರುತ್ತದೆ. ಪುದುಚೇರಿಯ ಫ್ರೆಂಚ್ ಸಂಸ್ಥೆ ಪಾಲ್ಗೊಂಡಿದ್ದ ಬಯೋಟಿಕ್ ಯೋಜನೆ ಘಟ್ಟದ ಮರಗಳಿಗೆ ಇಂಥ ಚಿತ್ರಕೀಲಿಯನ್ನು ರೂಪಿಸಿದೆ. ಆದರೆ ಮರಗಳ ಕೀಲಿಯಲ್ಲಿ ಹುಲ್ಲನ್ನು ಹುಡುಕಲಾಗದು. ದತ್ತಾಂಶದಲ್ಲಿಲ್ಲದ ಗಿಡಕ್ಕೆ ತಪ್ಪು ಹೆಸರು ಅಂಟುವ ಅಪಾಯವೂ ಉಂಟು. ಎಲೆಯಷ್ಟೇ ಕೈಯಲ್ಲಿದ್ದರೆ ಕಂಪ್ಯೂಟರ್ ಕೀಲಿಯನ್ನೇ ಆರಿಸಿಕೊಳ್ಳಿ. ಹೂವೂ ಭೂತಗನ್ನಡಿಯೂ ಇದ್ದು, ಎರಡು ಮೂರು ಹೆಸರುಗಳ ನಡುವೆ ತೀರ್ಮಾನಿಸಬೇಕಾದಾಗ ನನ್ನ ಮತ ಪುಸ್ತಕಕ್ಕೆ.