ಲೈಬ್ರರಿ ಸೈನ್ಸ್ ರ‍್ಯಾಂಕಿಂಗ್ ಪಟ್ಟಿ: ಐದಕ್ಕೆ ಎರಡು ಸ್ಟಾರ್

ಅಮೆರಿಕದಲ್ಲಿ ಲೈಬ್ರರಿ ಸೈನ್ಸ್ ಮಾಸ್ಟರ್ಸ್ ಮಾಡೋಣ ಅಂತ ಹೊರಟವರೆಲ್ಲ ಮೊದಲು ತೆರೆಯುವುದು ಕಾಲೇಜುಗಳಿಗೆ ಸ್ಥಾನ ಕೊಡುವ ಅಲ್ಲಿನ ಸುದ್ದಿಸಂಸ್ಥೆ ಯುಎಸ್ ನ್ಯೂಸ್‌ನ ಪಟ್ಟಿಯನ್ನೇ. ನಾನೂ ಅಷ್ಟೇ. 2017ರಲ್ಲೂ ಇಲಿನಾಯ್ ವಿಶ್ವವಿದ್ಯಾಲಯ ಮೊದಲು, 2021ರಲ್ಲೂ ಇಲಿನಾಯ್ ಮೊದಲು. ಮೇಲಿನ ಹತ್ತು ಹೆಸರು ಎಕ್ಸೆಲ್‌ಗೆ ಹಾಕಿಕೊಂಡು, ಅರ್ಧ ಕೆಲಸ ಮುಗೀತು ಅಂದುಕೊಂಡೆ.

ಮಾರನೆಯ ದಿನ ಅಂಕ ಕೊಡುವ ವಿಧಾನದ ಪುಟ ಓದಿದೆ. ಇಷ್ಟೇನಾ ಅನ್ನಿಸಿತು. ಡೀನ್‌ಗಳಿಗೆ, ಕೋರ್ಸ್ ನಿರ್ದೇಶಕರಿಗೆ, ಜೊತೆಗೆ ಪ್ರತಿ ಕಡೆಯ ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ಒಂದು ಸರ್ವೆ ಹೋಗುತ್ತದೆ. ಅವರು ಬೇರೆ ಬೇರೆ ಕಡೆಯ ಕೋರ್ಸ್‌ಗಳಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಸರಾಸರಿ ತೆಗೆದರೆ ರ‍್ಯಾಂಕ್ ರೆಡಿ. ಓದಿದ ಹುಡುಗರನ್ನು ಕೇಳಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವ ಲೈಬ್ರರಿಗಳನ್ನು ಕೇಳಿಲ್ಲ. ಫೀಸು ಎಷ್ಟು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಯಾವುದೂ ಲೆಕ್ಕಕ್ಕಿಲ್ಲ. ಆರ್ಕೈವ್ಸ್ (ಹಳೆಯ ದಾಖಲೆಗಳ ಸಂಗ್ರಹ), ಶಾಲಾ ಲೈಬ್ರರಿ ಅಂತ ಬೇರೆ ಪಟ್ಟಿಗಳೂ ಇವೆ. ಅವೂ ಇದೇ ಜನ ಸೂಚಿಸಿದ ಹೆಸರುಗಳೇ.

ಒಬ್ಬ ಡೀನ್‌ಗೆ ಅಷ್ಟೊಂದು ವಿಭಾಗಗಳ ಒಳಗಿನ ಸ್ಥಿತಿ ಗೊತ್ತಿರುತ್ತದಾ? ‘ಗೊತ್ತಿಲ್ಲ’ ಅನ್ನುವ ಆಯ್ಕೆ ಇದೆ, ನಿಜ. ಆದರೂ ಹೆಸರು ಕೇಳಿದ ಕಡೆಗೇ ಅಂಕ ಜಾಸ್ತಿ ಹೋಗುವುದು ಸಹಜ ಅಲ್ವಾ? ಇನ್ನೊಂದು ತಮಾಷೆ ಅಂದರೆ ದಶಮಾಂಶದ್ದು. ಒಂದೇ ಅಂಕಕ್ಕೆ ನಾಲ್ಕೈದು ಕೋರ್ಸ್ ಒಟ್ಟಿಗೆ ಕೂತಿದ್ದರೆ, 0.1 ಕಡಿಮೆ ಬಂದವರು ಒಮ್ಮೆಲೇ ನಾಲ್ಕೈದು ಮೆಟ್ಟಿಲು ಕೆಳಗೆ. ಇಲಿನಾಯ್ ಒಳ್ಳೆಯದೇ ಇರಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ.

ನನಗೆ ಉಪಯೋಗಕ್ಕೆ ಬಂದದ್ದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್, ಅಂದರೆ ಎಎಲ್‌ಎ, ಇಟ್ಟಿರುವ ಮಾನ್ಯತೆಯ ಪಟ್ಟಿ. ನೋಡಲು ಸಪ್ಪೆ. ಅವರು ರ‍್ಯಾಂಕ್ ಕೊಡುವುದೇ ಇಲ್ಲ. ಮಾನ್ಯತೆ ಇದೆಯಾ, ಇಲ್ಲವಾ, ಷರತ್ತಿನ ಮೇಲೆ ಇದೆಯಾ, ಅಷ್ಟೇ ಹೇಳುತ್ತಾರೆ. ಸಾಮಾನ್ಯವಾಗಿ ಏಳು ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ. ಕೋರ್ಸ್‌ನವರು ತಮ್ಮ ಬಗ್ಗೆ ತಾವೇ ಉದ್ದದ ವರದಿ ಬರೆಯಬೇಕು, ಹೊರಗಿನ ತಂಡ ಅದನ್ನು ಪರೀಕ್ಷೆ ಮಾಡುತ್ತದೆ. ಪಠ್ಯ, ಅಧ್ಯಾಪಕರು, ವಿದ್ಯಾರ್ಥಿಗಳು, ದುಡ್ಡುಕಾಸು ಎಲ್ಲಾ ಅದರಲ್ಲಿ ಬರುತ್ತದೆ. ಅಲ್ಲಿನ ಎಷ್ಟೋ ಕೆಲಸದ ಜಾಹೀರಾತುಗಳು ಕೇಳುವುದೂ ಈ ಮಾನ್ಯತೆಯನ್ನೇ, ರ‍್ಯಾಂಕನ್ನಲ್ಲ. ಕೆನಡಾದ ಟೊರಾಂಟೊ, ಮೆಕ್‌ಗಿಲ್ ಕೂಡ ಈ ಪಟ್ಟಿಯಲ್ಲಿವೆ. ಬರೀ ಯುಎಸ್ ನ್ಯೂಸ್ ನೋಡಿದ್ದರೆ ಅವು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಅಲ್ಲಿಂದ ಎಕ್ಸೆಲ್‌ನಲ್ಲಿ ರ‍್ಯಾಂಕ್ ಕಾಲಂ ಅಳಿಸಿ, ‘ಕ್ಯಾಟಲಾಗಿಂಗ್ ನಿಜವಾಗಲೂ ಕಲಿಸ್ತಾರಾ?’ ಅಂತ ಹೊಸ ಕಾಲಂ ಹಾಕಿದೆ. ಕ್ಯಾಟಲಾಗಿಂಗ್ ಅಂದರೆ ಪುಸ್ತಕಗಳ ವಿವರ ದಾಖಲಿಸಿ, ಹುಡುಕಿದಾಗ ಸಿಗುವಂತೆ ಪಟ್ಟಿ ಮಾಡುವ ಕೆಲಸ. ಮೇಲಿನ ಹತ್ತರಲ್ಲಿದ್ದ ಒಂದು ಕಡೆ, ಹೆಸರು ಬೇಡ, ಮುಂದುವರಿದ ಕ್ಯಾಟಲಾಗಿಂಗ್ ಕೋರ್ಸ್ ವೆಬ್‌ಸೈಟಿನಲ್ಲಿ ಚಂದವಾಗಿ ಇತ್ತು. ಹಿಂದಿನ ನಾಲ್ಕು ಸೆಮಿಸ್ಟರ್‌ಗಳ ವೇಳಾಪಟ್ಟಿ ತೆಗೆದು ನೋಡಿದರೆ ಒಮ್ಮೆಯೂ ನಡೆದಿಲ್ಲ! ಯಾಕೆ ಅಂತ ಮೇಲ್ ಹಾಕಿದೆ. ಉತ್ತರವಾಗಿ ಬ್ರೋಷರ್ ಬಂತು. ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಅವರ ರ‍್ಯಾಂಕ್.